ಬೆಟ್ಟ-ನೀರಿನ ಊರಲ್ಲೊಂದು ಸಾನ್ಸುಯಿ

ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್. ಟಿಳಕವಾಡಿ ದಾಟಿ, ಲೇತ್ ಯಂತ್ರಗಳ ಸದ್ದು ತುಂಬಿದ ಉದ್ಯಮಬಾಗ ಹಿಂದೆ ಸರಿದರೆ ಪೀರನವಾಡಿ. ಅಲ್ಲಿಂದಾಚೆಗೆ ಗದ್ದೆ, ಗಿಡಮರ, ಹಸಿರು. ಖಾನಾಪುರ ತಲುಪಿದಾಗ ಮಲಪ್ರಭೆ ಎದುರಾಗುತ್ತಾಳೆ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆಯದು. ಕುಂಬಾರಿಕೆಗೆ ಹೆಸರಾದ ಈ ಊರಿನಲ್ಲಿ ಜೂನ್ ಬಂತೆಂದರೆ ಮಳೆಯದೇ ರಾಜ್ಯ.

ಇಲ್ಲಿನ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ಕಪ್ಪು ಮುಖದ ಭಾರವಾದ ಪೆಟ್ಟಿಗೆಯೊಂದಿದೆ. ಜಪಾನಿನ ಸಾನ್ಸುಯಿ ಕಂಪನಿಯ ಎ.ಯು.-717 ಸ್ಟೀರಿಯೋ ಆಂಪ್ಲಿಫೈಯರ್. ಈ ಮಾದರಿ ಹೊರಬಂದದ್ದು 1977ರಲ್ಲಿ. ಮನೆಯ ಯಜಮಾನರು ರೈಲ್ವೆಯಿಂದ ನಿವೃತ್ತರಾದವರು. ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ಅವರ ಅಣ್ಣ ರಜೆಗೆ ಬಂದಾಗ ಹೊತ್ತು ತಂದದ್ದು. ಅಣ್ಣ ಈಗಿಲ್ಲ. ‘ಸಾನ್ಸುಯಿ’ ಎಂದರೆ ಜಪಾನಿ ಲಿಪಿಯಲ್ಲಿ ಬೆಟ್ಟ ಮತ್ತು ನೀರು. ಹೆಸರಿನ ಮಟ್ಟಿಗೆ ಅದು ಸರಿಯಾದ ಊರಿಗೇ ಬಂದಿದೆ. ಆದರೆ ಇಲ್ಲಿನ ತೇವ ಅದಕ್ಕೆ ಒಗ್ಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಎಡಗಡೆಯ ಸ್ಪೀಕರ್ ಮೂಕವಾಯಿತು. ಅದೇ ವೇಳೆಗೆ ಬೆಂಗಳೂರಿನ ಸಂಗ್ರಾಹಕರೊಬ್ಬರು ಒಳ್ಳೆಯ ಬೆಲೆ ಕೊಡುತ್ತೇನೆಂದು ಹೇಳಿಕಳಿಸಿದರು. “ಕೊಟ್ಟುಬಿಡೂಣು ಅಪ್ಪಾ” ಎಂದ ಮಗ. “ಮೊದ್ಲ ಏನಾಗೇತಿ ನೋಡೂಣು” ಎಂದರು ತಂದೆ.

ಇಂಥ ಹಳೆಯ ಪೆಟ್ಟಿಗೆಗೆ ಇಷ್ಟು ಬೇಡಿಕೆ ಏಕೆ? 1970ರ ದಶಕದಲ್ಲಿ ಸಾನ್ಸುಯಿ, ಪಯೋನಿಯರ್, ಯಮಾಹಾ, ಕೆನ್‌ವುಡ್ ಮೊದಲಾದ ಕಂಪನಿಗಳ ನಡುವೆ ತೀವ್ರ ಪೈಪೋಟಿಯಿತ್ತು. ಅಮೆರಿಕಾದಲ್ಲಿ 1974ರ ನಿಯಮವೊಂದು, ಕ್ಷಣಮಾತ್ರ ಸಿಗುವ ವ್ಯಾಟ್‌ಗಳನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳುವುದಕ್ಕೆ ಕಡಿವಾಣ ಹಾಕಿತು. ನಿರಂತರವಾಗಿ ಎಷ್ಟು ಶಕ್ತಿ ಸಿಗುತ್ತದೆಂಬುದನ್ನೇ ಹೇಳಬೇಕಾಯಿತು. ನಿರಂತರ ಶಕ್ತಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಕೆಪಾಸಿಟರ್, ಬಿಸಿ ಹೊರಹಾಕುವ ದಪ್ಪ ಅಲ್ಯೂಮಿನಿಯಂ ರೆಕ್ಕೆಗಳು ಬೇಕು. 1978ರ ಪಯೋನಿಯರ್ ಎಸ್.ಎಕ್ಸ್.-1980 ಪ್ರತಿ ಚಾನೆಲ್‌ಗೆ 270 ವ್ಯಾಟ್ ಕೊಡುತ್ತಿತ್ತು. ಖಾನಾಪುರದ ಈ ಸಾನ್ಸುಯಿಯದು 85 ವ್ಯಾಟ್. ಮನೆಗೆ ಅದೇ ಧಾರಾಳ. ಇಂದಿನ ಅಂಗೈಯಗಲದ ಆಂಪ್ಲಿಫೈಯರ್‌ಗಳಲ್ಲೂ ಒಳ್ಳೆಯವು ಉಂಟು. ಆದರೆ ಅವು ಕೆಟ್ಟರೆ ಸಾಮಾನ್ಯವಾಗಿ ಎಸೆಯುವುದೇ ಸರಿ. ಹಳೆಯದರ ಸ್ಕ್ರೂ ಬಿಚ್ಚಿದರೆ ಒಂದೊಂದು ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ರಿಪೇರಿಗೆ ಬೆಳಗಾವಿಯಂಥ ಊರು ಮತ್ತೊಂದಿಲ್ಲ ಎನ್ನುವವರಿದ್ದಾರೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿಯೊಂದಿಗೆ ಉದ್ಯಮಕ್ಕೆ ಕಾಲಿಟ್ಟದ್ದು ಈ ಊರಿನಲ್ಲೇ. ಸುಮಾರು 18 ಕಿಲೋ ತೂಗುವ ಪೆಟ್ಟಿಗೆ ಟೆಂಪೋ ಏರಿ ಖಡೇಬಜಾರದ ಬಳಿಯ ಗಲ್ಲಿಯೊಂದಕ್ಕೆ ಬಂತು. ಮೆಕ್ಯಾನಿಕ್ ಅದನ್ನು ನೇರವಾಗಿ ಕರೆಂಟಿಗೆ ಹಚ್ಚಲಿಲ್ಲ. ನಡುವೆ 100 ವ್ಯಾಟಿನ ಹಳೆಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿದರು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ವಿದ್ಯುತ್ತನ್ನು ತಡೆಯುತ್ತದೆ, ಪೆಟ್ಟಿಗೆ ಸುಡುವುದಿಲ್ಲ.

“ಕಾಕಾ, ಬಲ್ಬು ಹಂಗ ಉರೀತಾ ನಿಂತ್ರ ಕೆಲಸ ಕೆಟ್ಟಂಗ. ಮಂಕಾದ್ರ ಜೀವ ಐತಿ.”

ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಅನಂತರ ನೇರ ಕರೆಂಟು ಕೊಟ್ಟರು. ಕೆಲವು ಸೆಕೆಂಡುಗಳಾದ ಮೇಲೆ ಒಳಗಿನಿಂದ ‘ಟಿಕ್’ ಎಂಬ ಸದ್ದು. ಅದು ಸ್ಪೀಕರ್‌ಗಳನ್ನು ಕಾಯುವ ರಿಲೇ. ಒಳಗಿನ ವೋಲ್ಟೇಜು ಸ್ಥಿರವಾಗುವವರೆಗೆ ಅದು ಸ್ಪೀಕರಿಗೆ ದಾರಿ ಬಿಡುವುದಿಲ್ಲ. ತೊಂದರೆ ಇದ್ದದ್ದೂ ಅಲ್ಲಿಯೇ. ರಿಲೇಯ ಲೋಹದ ತುದಿಗಳು ತೇವಕ್ಕೆ ಕಿಲುಬು ಹಿಡಿದಿದ್ದವು.

“ಎಷ್ಟ್ ದಿನ ಬಂದ್ ಇಟ್ಟಿದ್ರಿ?”

“ಎರಡ್ ತಿಂಗಳ. ಮಳ್ಯಾಗ ಹಾಳಾದೀತು ಅಂತ ಮುಚ್ಚಿಟ್ಟಿದ್ದೆ.”

“ಅಲ್ಲೇ ತಪ್ಪಾತ್ರಿ. ಮಳಿಗಾಲದಾಗ ದಿನಾ ಒಂದ್ ತಾಸು ಹಚ್ರಿ. ಅದರ ಕಾವಿಗೆ ತೇವ ಹೋಗತೈತಿ.”

ಹೊಸ ರಿಲೇ ಬಂತು; ಶಕ್ತಿಗುಂದಿದ ಎರಡು ಕೆಪಾಸಿಟರ್‌ಗಳೂ ಬದಲಾದವು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಟ್ಟಿದ್ದರೆ ಕಷ್ಟವಿತ್ತು. ಮೂಲದವು ಈಗ ತಯಾರಾಗುವುದಿಲ್ಲ, ಪೇಟೆಯಲ್ಲಿ ನಕಲಿಗಳೂ ಇವೆ. ಕೇಳೋಣವೆಂದರೆ ಸಾನ್ಸುಯಿ ಕಂಪನಿಯೇ 2014ರಲ್ಲಿ ದಿವಾಳಿಯಾಯಿತು. ಹಳೆಯ ಜಪಾನಿ ಪೆಟ್ಟಿಗೆ ಕೊಳ್ಳುವವರು ಇನ್ನೊಂದನ್ನೂ ನೋಡಬೇಕು. ಜಪಾನಿನ ಮನೆಗಳಲ್ಲಿರುವುದು 100 ವೋಲ್ಟ್. ಅಲ್ಲಿನ ಬಳಕೆಗೆಂದೇ ಮಾಡಿದ್ದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟು ಹೋಗುತ್ತದೆ. ಬೆನ್ನಿನ ಮೇಲೆ ಬರೆದ ವೋಲ್ಟೇಜನ್ನು ಓದದೆ ಹಣ ಕೊಡಬಾರದು.

ಸಂಜೆ ಖಾನಾಪುರದ ಪಡಸಾಲೆಯಲ್ಲಿ ಮತ್ತೆ ‘ಟಿಕ್’ ಎಂದಿತು. ರೆಕಾರ್ಡ್ ಪ್ಲೇಯರಿನ ಮೇಲೆ ಕುಮಾರ ಗಂಧರ್ವರ ತಟ್ಟೆ. 1924ರಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕರ ಧ್ವನಿ ಎರಡೂ ಸ್ಪೀಕರ್‌ಗಳಿಂದ ಹೊಮ್ಮಿತು. ಹೊರಗೆ ಹೆಂಚಿನ ಮೇಲೆ ಮಳೆ.

“ಬೆಂಗಳೂರಿನವರಿಗೆ ಏನ್ ಹೇಳೂಣು?” ಎಂದು ಮಗ ಕೇಳಿದ.

“ಕೊಡಂಗಿಲ್ಲ ಅಂತ ಹೇಳು. ದಿನಾ ಒಂದ್ ತಾಸು ಹಚ್ಚಬೇಕಂತ. ನಾ ಇಲ್ಲದಾಗ ನೀ ಹಚ್ಚು.”

ಮಗ ಹತ್ತಿರ ಬಂದು, ಯಾವ ಗುಂಡಿ ಮೊದಲು ಒತ್ತಬೇಕೆಂದು ಕೇಳಿ ತಿಳಿದುಕೊಂಡ.