ಇಪ್ಪತ್ನಾಲ್ಕು ಸಾವಿರದ ಥಿಯೇಟರು

ಲೆಕ್ಕ ಬರೆದದ್ದು ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ. ತಲೆಗೆ ಆರು ಸಾವಿರ, ನಾಲ್ಕು ತಲೆಗೆ 24,000 ರೂಪಾಯಿ. ಬೇಸಿಗೆ ರಜೆಯ ಇಂಟರ್ನ್‌ಶಿಪ್ಪಿನಲ್ಲಿ ಸಿಕ್ಕ ಸ್ಟೈಪೆಂಡನ್ನು ಯಾರೂ ಮನೆಗೆ ಹೇಳದೆ ಎತ್ತಿಟ್ಟಿದ್ದೆವು. ಹಾಸನ, ಶಿರಸಿ, ಕೋಲಾರ, ರಾಯಚೂರು: ನಮ್ಮ ರೂಮಿನಲ್ಲಿ ಹೆಸರಿಗಿಂತ ಊರಿಗೇ ಚಲಾವಣೆ ಜಾಸ್ತಿ. ಹಾಸನದವನ ಮನೇಲಿ ಹೊಸ ಟಿವಿ ಬಂತು ಅಂತ ಹಳೇ 32 ಇಂಚಿನದು ನಮ್ಮ ಪಾಲಾಗಿತ್ತು. ಚಿತ್ರ ಪರವಾಗಿಲ್ಲ. ಶಬ್ದ ಮಾತ್ರ ತಗಡಿನ ಡಬ್ಬದೊಳಗೆ ಯಾರೋ ಕೂತು ಮಾತಾಡಿದ ಹಾಗೆ. ಹತ್ತು ಅಡಿ ಹನ್ನೆರಡು ಅಡಿಯ ಹಾಲ್‌ನಲ್ಲಿ ಥಿಯೇಟರ್ ಮಾಡಬೇಕು ಅನ್ನೋ ಹುಚ್ಚು ಹಿಡಿದದ್ದು ಹಾಗೆ.

ಮೊದಲು ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯಲ್ಲಿ ಪೂರ್ತಿ ಸೆಟ್ ಬರುವ 5.1. ಪೆಟ್ಟಿಗೆ ಮೇಲೆ ಸಾವಿರಾರು ವ್ಯಾಟ್, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿಎಂಪಿಒ. ಅಡಾಪ್ಟರ್ ತಿರುಗಿಸಿ ನೋಡಿದರೆ 12 ವೋಲ್ಟ್, 5 ಆಂಪಿಯರ್. ಒಳಗೆ ಹೋಗೋದೇ 60 ವ್ಯಾಟ್, ಹೊರಗೆ ಬರೋದು ಸಾವಿರಾರು! ಹಾಗಾಗೋದಾದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಮುಚ್ಚಿ ಸ್ಪೀಕರ್ ಅಂಗಡಿ ಇಡಬಹುದು ಅಂತ ಅಲ್ಲೇ ನಿಂತು ನಕ್ಕೆವು. ಬಿಡಿ ಬಿಡಿಯಾಗಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಒಳ್ಳೇ ಭಾಗಗಳನ್ನೇ ಜೋಡಿಸೋಣ ಅಂತ ನಿರ್ಧಾರವಾಯಿತು. ನಕ್ಕಿದ್ದಕ್ಕೆ ತೆರಬೇಕಾದ ದಂಡ ಮುಂದೆ ಕಾದಿತ್ತು.

ರಿಸೀವರ್ 9,000ಕ್ಕೆ ಸಿಕ್ಕಿತು. ಜಪಾನಿ ಕಂಪನಿಯದು, ಐದು ಚಾನೆಲ್, ಒಬ್ಬ ಕೆಲಸ ಬದಲಿಸಿ ಊರು ಬಿಡುವಾಗ ಮಾರಿದ್ದು. ಒಂದೊಂದು ಚಾನೆಲ್ಲಿಗೆ 100 ವ್ಯಾಟ್ ಅಂತ ಬರೆದಿತ್ತು. ಮ್ಯಾನ್ಯುಯಲ್ ಓದಿದಾಗ ಗೊತ್ತಾದದ್ದು: ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಜ್‌ನ ಒಂದೇ ಸ್ವರ ಹಾಕಿ, ಶೇಕಡಾ 10ರಷ್ಟು ಡಿಸ್ಟಾರ್ಷನ್ ಒಪ್ಪಿಕೊಂಡರೆ ಆ 100. ಐದೂ ಒಟ್ಟಿಗೆ ದುಡಿದಾಗ ಸಿಗೋದು ಅದಕ್ಕಿಂತ ಎಷ್ಟೋ ಕಮ್ಮಿ. ಪಿಎಂಪಿಒ ಸುಳ್ಳಾದರೆ ಇದು ವಕೀಲರ ಸತ್ಯ. ಆದರೂ ನಮ್ಮ ಹಾಲಿಗೆ ಅಷ್ಟು ಧಾರಾಳ.

ಸ್ಪೀಕರಿಗೆ ಎಸ್.ಪಿ. ರೋಡ್ ಕಡೆ ಹೋದೆವು. ಶನಿವಾರ ಮಧ್ಯಾಹ್ನ ಆ ಗಲ್ಲಿಗಳಲ್ಲಿ ಕೈಗಾಡಿ, ಸ್ಕೂಟರು, ಜನ ಎಲ್ಲಾ ಒಟ್ಟಿಗೆ ಹರಿಯುತ್ತಿರುತ್ತಾರೆ. ಒಂದು ಅಂಗಡಿಯವರು ಬುಕ್‌ಶೆಲ್ಫ್ ಜೋಡಿಯೊಂದನ್ನು ಹೊರತೆಗೆದು, "ಬಾಂಬ್ ಪೀಸ್ ಸಾರ್, ತಗೊಂಡೋಗಿ" ಅಂದರು. 6,500. ಕೇಳಿದಾಗ ನಿಜಕ್ಕೂ ಚೆನ್ನಾಗಿತ್ತು. ಮನೆಗೆ ತಂದು ಜೋರಾಗಿ ಹಾಕಿದ ಹತ್ತನೇ ನಿಮಿಷಕ್ಕೆ ರಿಸೀವರ್ ಟಕ್ ಅಂತ ಆಫ್. ಮತ್ತೆ ಆನ್ ಮಾಡಿದರೆ ಮತ್ತೆ ಟಕ್. ಸ್ಪೀಕರ್ ತಿರುಗಿಸಿ ನೋಡಿದೆವು: 4 ಓಮ್. ರಿಸೀವರ್ ತಿರುಗಿಸಿದೆವು: 6ರಿಂದ 16 ಓಮ್. ಎರಡನ್ನೂ ಅಚ್ಚಾದ ಅಕ್ಷರದಲ್ಲೇ ಬರೆದಿದ್ದರು.

ಓಮನ ನಿಯಮವನ್ನು ಹತ್ತನೇ ಕ್ಲಾಸಿನಲ್ಲಿ ಕಲಿತು, ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಮತ್ತೆ ಕಲಿತು, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸೂ ತಗೊಂಡವರು ನಾವು. 20 ವೋಲ್ಟ್ ಕೊಟ್ಟರೆ 8 ಓಮಿನ ಸ್ಪೀಕರ್ ಎಳೆಯೋದು ಎರಡೂವರೆ ಆಂಪಿಯರ್, 4 ಓಮಿನದು 5. ವ್ಯಾಟ್ 50ರಿಂದ 100ಕ್ಕೆ ಏರುತ್ತದೆ, ಅದಕ್ಕೆ ತಕ್ಕ ಕರೆಂಟು ಕೊಡಲಾರದ ಆಂಪ್ಲಿಫೈಯರ್ ಬಿಸಿಯಾಗಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಬೋರ್ಡಿನ ಮೇಲೆ ಇದ್ದಿದ್ದರೆ ಕಣ್ಣು ಮುಚ್ಚಿ ಮಾಡುತ್ತಿದ್ದ ಲೆಕ್ಕ. ಅಂಗಡಿಯಲ್ಲಿ ಮಾತ್ರ ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಅಂಗಡಿಯವರನ್ನು ಬೈಯುವ ಹಾಗೂ ಇಲ್ಲ, ಅವರೇನೂ ಮುಚ್ಚಿಟ್ಟಿರಲಿಲ್ಲ. ವಾಪಸ್ ಕೊಟ್ಟು ಅದೇ ಬೆಲೆಯ ಬೇರೆ ಜೋಡಿ ತರಲು 1,000 ರೂಪಾಯಿ ಕಳಕೊಂಡೆವು.

ಆ ಸಾವಿರ ನಮಗೆ ಸ್ವಲ್ಪ ಬುದ್ಧಿ ಕೊಟ್ಟಿತು ಅನ್ನಿ. ಎರಡನೇ ಸಲ ಓಮ್ ಜೊತೆಗೆ ಸೆನ್ಸಿಟಿವಿಟಿಯನ್ನೂ ನೋಡಿದೆವು, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನೋದು. ಒಂದು ಜೋಡಿ 85, ಇನ್ನೊಂದು 89. ನಾಲ್ಕು ಅಂದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಡೆಸಿಬೆಲ್ ಲಾಗ್ ಲೆಕ್ಕ: 85ರದಕ್ಕೆ 50 ವ್ಯಾಟ್ ಬೇಕಾದ ಕಡೆ 89ರದಕ್ಕೆ 20 ವ್ಯಾಟ್ ಸಾಕು. ಬಡವರ ರಿಸೀವರಿಗೆ ಇದಕ್ಕಿಂತ ಉಪಕಾರ ಇಲ್ಲ. ಎಷ್ಟೋ ಜನ ವ್ಯಾಟ್‌ಗೆ ದುಡ್ಡು ಸುರಿಯುತ್ತಾರೆ, ಈ ನಾಲ್ಕು ಡೆಸಿಬೆಲ್ಲನ್ನು ಯಾರೂ ಕೇಳೋದೇ ಇಲ್ಲ. 8 ಓಮ್, 89 ಡೆಸಿಬೆಲ್ಲಿನ ಜೋಡಿ ಮನೆಗೆ ಬಂತು.

ಸಬ್‌ವೂಫರಿಗೆ 4,500. ಹಿಂದಿನ ಎರಡು ಪುಟ್ಟ ಸ್ಪೀಕರಿಗೆ 1,800. ವೈರಿಗೆ ಸ್ಪೀಕರ್ ಅಂಗಡಿಗೆ ಹೋಗಬೇಡಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮನೆ ವೈರಿಂಗಿನ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್ ತಗೊಳ್ಳಿ. ಐದು ಮೀಟರ್ ದೂರಕ್ಕೆ ಹೋಗಿ ಬರುವ ಹತ್ತು ಮೀಟರಿನ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ 0.13 ಓಮ್. 8 ಓಮಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ವೈರು, ಟೇಪು, ಮೊಳೆ ಎಲ್ಲಾ ಸೇರಿ 600. ಒಟ್ಟು 23,400, ಕೈಯಲ್ಲಿ ಉಳಿದದ್ದು 600.

ನಡುವಿನ ಸೆಂಟರ್ ಸ್ಪೀಕರ್ ಒಂದನ್ನು ಬೇಕಂತಲೇ ಬಿಟ್ಟೆವು. ಎಡಕ್ಕೂ ಬಲಕ್ಕೂ ಒಂದೇ ಶಬ್ದ ಸಮನಾಗಿ ಬಂದರೆ ಅದು ನಡುವಿನಿಂದಲೇ ಬಂದ ಹಾಗೆ ಕೇಳಿಸುತ್ತದೆ, ರಿಸೀವರಿಗೆ ಸೆಂಟರ್ ಇಲ್ಲ ಅಂತ ಹೇಳಿದರೆ ಮಾತನ್ನೆಲ್ಲ ಎರಡಕ್ಕೂ ಹಂಚುತ್ತದೆ. ಪುಕ್ಕಟೆ ಸಿಗುವುದಕ್ಕೆ ದುಡ್ಡೇಕೆ ಅಂತ ಶಿರಸಿಯವನ ವಾದ. ಎಲ್ಲರೂ ಹೌದು ಹೌದು ಅಂದೆವು. ರಾಯಚೂರಿನವನೂ ತಲೆಯಾಡಿಸಿದ.

ಸಬ್‌ವೂಫರ್ ಎಲ್ಲಿಡಬೇಕು ಅನ್ನೋದೇ ಒಂದು ಭಾನುವಾರ ತಿಂದುಹಾಕಿತು. ಹನ್ನೆರಡು ಅಡಿ ಉದ್ದದ ಹಾಲಿನಲ್ಲಿ 47 ಹರ್ಟ್ಜ್ ಹತ್ತಿರದ ಸ್ವರ ಗೋಡೆಯಿಂದ ಗೋಡೆಗೆ ನಿಂತುಬಿಡುತ್ತದೆ. ಗೋಡೆಗೆ ಒರಗಿದವನಿಗೆ ಗುಮ್ಮ್ ಅಂತ ಎದೆ ನಡುಗುತ್ತದೆ, ನಟ್ಟನಡುವೆ ಕೂತವನಿಗೆ ಅದು ಮಾಯ. ಹಾಗಾಗಿ ಜಾಗ ಹುಡುಕುವ ವಿಧಾನ ಉಲ್ಟಾ: ಸಬ್‌ವೂಫರನ್ನು ನಾವು ಕೂರುವ ಚಾಪೆಯ ಮೇಲೆ ಕೂರಿಸಿ, ನಾವು ನೆಲದ ಮೇಲೆ ಅಂಬೆಗಾಲಿಡಬೇಕು. ಎಲ್ಲಿ ಬೇಸ್ ಹದವಾಗಿ ಕೇಳಿಸುತ್ತದೋ ಅದೇ ಅದರ ಜಾಗ. ನಾಲ್ವರೂ ಗೋಡೆಯಂಚಿನಲ್ಲಿ ಕಿವಿ ನೆಲಕ್ಕೆ ಹಚ್ಚಿ ತೆವಳುತ್ತಿರುವಾಗ ನೀರಿನ ಬಿಲ್ಲಿಗೆ ಅಂತ ಓನರ್ ಅಂಕಲ್ ಬಂದರು. "ಏನ್ರಪ್ಪಾ, ಏನ್ ಬಿದ್ದೋಯ್ತು?" ಉತ್ತರ ಕೊಡುವ ಮೊದಲೇ ಅವರೂ ಬಗ್ಗಿ ಸೋಫಾ ಕೆಳಗೆ ಹುಡುಕತೊಡಗಿದರು. ಪಾಪ, ಐದು ನಿಮಿಷ ಹುಡುಕಿದರು. ಕೊನೆಗೆ ಸಬ್‌ವೂಫರ್ ನಿಂತದ್ದು ಚಪ್ಪಲಿ ಸ್ಟ್ಯಾಂಡಿನ ಪಕ್ಕ.

ಉದ್ಘಾಟನೆಗೆ ಕೆಜಿಎಫ್. ಗೋಡೆಯ ಕ್ಯಾಲೆಂಡರ್ ಅಲ್ಲಾಡಿತು, ನಾವು ಧನ್ಯ. ಮುಂದಿನ ಶನಿವಾರ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ'. 2017ರ ಚಿತ್ರ, ಮಂಗಳೂರು ಕನ್ನಡ, ಅದರ ತಮಾಷೆಯೆಲ್ಲ ಮಾತಿನಲ್ಲೇ. ಮೂವರು ನಗುತ್ತಿದ್ದರೆ ರಾಯಚೂರಿನವನು ನಮ್ಮ ಮುಖ ನೋಡಿ ಅರ್ಧ ಸೆಕೆಂಡ್ ತಡವಾಗಿ ನಗುತ್ತಿದ್ದ. ಭಾಷೆಯ ತೊಂದರೆ ಅಂದುಕೊಂಡು ಶಿರಸಿಯವನು ಅನುವಾದಕ್ಕೆ ಶುರುಮಾಡಿದ. "ಅದೆಂಥ ಅಂದ್ರೆ ಮಾರಾಯ..." ಅಂತ ನಾಲ್ಕನೇ ಸಲ ಹೇಳುವಾಗ ಅವನು ರಿಮೋಟ್ ತಗೊಂಡು ಚಿತ್ರ ನಿಲ್ಲಿಸಿದ.

"ಭಾಷಾ ತಿಳೀತೈತಿಲೇ. ಮಾತ ಕೇಳ್ಸಂಗಿಲ್ಲ."

ಚಿಕ್ಕಂದಿನಲ್ಲಿ ಮಂಗನಬಾವು ಬಂದು ಎಡಗಿವಿ ಹೋಗಿದೆಯಂತೆ. ಎರಡು ವರ್ಷದಿಂದ ಒಂದೇ ಸೂರಿನಡಿ ಇದ್ದೇವೆ. ಕ್ಲಾಸಿನಲ್ಲಿ ಅವನು ಯಾವಾಗಲೂ ಬೆಂಚಿನ ಎಡತುದಿ. ಕ್ಯಾಂಟೀನಿನಲ್ಲಿ ಎಡಕ್ಕೆ ಗೋಡೆ ಇರುವ ಟೇಬಲ್ಲೇ ಆಗಬೇಕು. ರಸ್ತೆಯಲ್ಲಿ ನಡೆಯುವಾಗ ನಮ್ಮನ್ನು ಬಲಕ್ಕೆ ಹಾಕಿಕೊಳ್ಳುತ್ತಾನೆ. ಅವನಿಗೆ ಸಿಕ್ಕಾಪಟ್ಟೆ ಜಂಬ, ಹಿಂದಿನಿಂದ ಕೂಗಿದರೆ ತಿರುಗೋದಿಲ್ಲ ಅಂತ ನಾವು ಆಡಿಕೊಂಡದ್ದೂ ಉಂಟು. ಮೊದಲೇ ಹೇಳಬಾರದಿತ್ತೇನೋ ಅಂದರೆ, "ನೀವೆಲ್ಲಾ ಅಷ್ಟ್ ಹುರುಪಿನಾಗ ಇದ್ರಿ, ನಾ ಏನ್ ಹೇಳ್ಲಿ" ಅಂದ. ಆ ಆರು ಸಾವಿರ ಅವನ ಸ್ಟೈಪೆಂಡಿನ ಮುಕ್ಕಾಲು ಪಾಲು ಅಂತಲೂ ಅವತ್ತೇ ಗೊತ್ತಾದದ್ದು.

ನಾವು ಪುಕ್ಕಟೆ ಅಂದುಕೊಂಡಿದ್ದ ನಡುವಿನ ಶಬ್ದ ಹುಟ್ಟೋದು ಸ್ಪೀಕರಿನಲ್ಲಲ್ಲ. ಎರಡು ಕಿವಿಗೆ ಬಂದದ್ದನ್ನು ಹೋಲಿಸಿ ಮಿದುಳು ಅದನ್ನು ನಡುವೆ ಕೂರಿಸುತ್ತದೆ. ಒಂದೇ ಕಿವಿ ಇದ್ದವನಿಗೆ ಹೋಲಿಸಲು ಏನಿದೆ? ಅವನು ಕೂರುವುದು ಚಾಪೆಯ ಎಡತುದಿ, ಚೆನ್ನಾಗಿರುವ ಕಿವಿಯ ಕಡೆಗಿದ್ದದ್ದು ಅತಿ ದೂರದ ಸ್ಪೀಕರ್. ಅದರ ಮೇಲೆ ಫ್ಯಾನಿನ ಸದ್ದು, ಬೆನ್ನ ಹಿಂದಿನಿಂದ ಬರುವ ಹಿನ್ನೆಲೆ ಸಂಗೀತ. ಗದ್ದಲದ ಮಧ್ಯೆ ಮಾತನ್ನು ಬೇರ್ಪಡಿಸಿ ಹಿಡಿಯಲು ಎರಡು ಕಿವಿಯ ಸಹಾಯ ಬೇಕು. ಸ್ಪೀಕರಿಗೂ ರಿಸೀವರಿಗೂ ಹೊಂದಾಣಿಕೆ ಮಾಡುತ್ತಾ ತಿಂಗಳು ಕಳೆದಿದ್ದೆವು. ಕೇಳುವವನನ್ನು ಲೆಕ್ಕದಲ್ಲಿ ಬರೆದುಕೊಂಡೇ ಇರಲಿಲ್ಲ.

ಸೆಂಟರ್ ಬೇಕೇ ಬೇಕು ಅಂತಾಯಿತು. ದುಡ್ಡು? ಹಿಂದಿನ ಎರಡು ಸ್ಪೀಕರ್ ಮಾರೋಣ ಅಂದದ್ದಕ್ಕೆ ಹಾಸನದವನು ಸಿಟ್ಟಾದ. ಅವನ ಸಂಕಟವೂ ನಿಜ. ಬೆನ್ನ ಹಿಂದೆ ಮಳೆ ಸುರಿಯುವುದನ್ನು ಕೇಳಬೇಕು ಅಂತಲೇ ಅವನು ಇದಕ್ಕೆಲ್ಲ ಒಪ್ಪಿದ್ದು, ಟಿವಿ ಕೊಟ್ಟದ್ದೂ ಅವನೇ. ರಾಯಚೂರಿನವನು, "ಬ್ಯಾಡ ಬಿಡ್ರೋ, ನಾ ಸಬ್‌ಟೈಟಲ್ ಓದ್ತೀನಿ" ಅಂದ. ನಾಲ್ಕು ಜನ ಕನ್ನಡಿಗರು ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಕೂರುವುದೇ? ಎರಡು ದಿನ ಮನೆಯಲ್ಲಿ ಮಾತು ಕಮ್ಮಿ ಇತ್ತು. ಮೂರನೇ ದಿನ ಹಾಸನದವನೇ ಏಣಿ ಹಾಕಿ ಹಿಂದಿನ ಸ್ಪೀಕರ್ ಬಿಚ್ಚಿದ. ಜೂನಿಯರ್ ಒಬ್ಬ 1,000 ಕೊಟ್ಟು ತಗೊಂಡ.

ಸೆಂಟರ್ ಮುಂದಿನ ಜೋಡಿಗೆ ಹೊಂದಬೇಕು, ಇಲ್ಲದಿದ್ದರೆ ಪಾತ್ರ ಎಡದಿಂದ ಬಲಕ್ಕೆ ನಡೆದಾಗ ಗಂಟಲು ಬದಲಾದ ಹಾಗಾಗುತ್ತದೆ. ಹೊಂದುವ ಸೆಂಟರ್‌ಗಳೆಲ್ಲ ನಮ್ಮ ಕೈಗೆ ಮೀರಿದವು. ಕೋಲಾರದವನಿಗೆ ಒಂದು ಉಪಾಯ ಹೊಳೆಯಿತು: ಅದೇ ಮಾಡೆಲ್ಲಿನ ಬುಕ್‌ಶೆಲ್ಫ್ ಇನ್ನೊಂದು ಸಿಕ್ಕರೆ ಅದಕ್ಕಿಂತ ಒಳ್ಳೇ ಸೆಂಟರ್ ಬೇರೆ ಇಲ್ಲ. ಜೊತೆಯದು ಸುಟ್ಟುಹೋಗಿ ಒಂಟಿಯಾದ ಸ್ಪೀಕರನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಅಗ್ಗ. ಮೂರು ವಾರ ಹುಡುಕಿ ಅಂಥದ್ದೊಂದು 2,000ಕ್ಕೆ ಹಿಡಿದೆವು. ಕೈಯಲ್ಲಿದ್ದದ್ದು 1,600, ತಲೆಗೆ ಇನ್ನೂ ನೂರು. ರಾಯಚೂರಿನವನು ನಾನೂರೂ ತಾನೇ ಕೊಡ್ತೀನಿ ಅಂತ ಹಟ ಹಿಡಿದ. ಬೈದು ನೂರೇ ಇಸಕೊಂಡೆವು.

ಟಿವಿಯ ಕೆಳಗೆ ಎರಡು ಹಳೇ ಟೆಕ್ಸ್ಟ್‌ಬುಕ್ ಇಟ್ಟು, ಮೂತಿ ಸ್ವಲ್ಪ ಮೇಲಕ್ಕೆತ್ತಿ ಅದನ್ನು ಕೂರಿಸಿದೆವು. ಸೆಂಟರಿನ ಲೆವೆಲ್ 3 ಡೆಸಿಬೆಲ್ ಜಾಸ್ತಿ. ಮೂರಕ್ಕೂ 80 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಸಬ್‌ವೂಫರಿಗೆ. ರಿಸೀವರಿನ ನೈಟ್ ಮೋಡ್ ಆನ್: ಅದು ಜೋರಿನದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುತ್ತದೆ, ಸ್ಫೋಟದ ಗಮ್ಮತ್ತು ಹೋಗುತ್ತದೆ, ಮಾತು ಉಳಿಯುತ್ತದೆ. 'ಮೊಟ್ಟೆಯ ಕಥೆ'ಯನ್ನು ಮೊದಲಿಂದ ಹಾಕಿದೆವು. ಅರ್ಧ ದಾರಿಯಲ್ಲಿ ರಾಯಚೂರಿನವನು ಎಲ್ಲರಿಗಿಂತ ಮೊದಲು ನಕ್ಕ. ಉಳಿದ ಮೂವರು ಚಿತ್ರ ಬಿಟ್ಟು ಅವನನ್ನೇ ನೋಡುತ್ತಿದ್ದೆವು. "ಅಲ್ ನೋಡ್ರಲೇ" ಅಂತ ಬೈಸಿಕೊಂಡೆವು.

ಈ ಮೇ ತಿಂಗಳಿಗೆ ಮನೆ ಖಾಲಿ ಮಾಡುತ್ತೇವೆ. ರಿಸೀವರ್, ಮುಂದಿನ ಜೋಡಿ, ಸಬ್‌ವೂಫರ್ ಮೂರೂ ಸೇರಿ 14,000ಕ್ಕೆ ಕೊಡುವ ಯೋಚನೆ. ಬೇಕಾದವರು ಸಂಜೆ ಬಂದು ಕೇಳಿ ನೋಡಬಹುದು, ಓಮ್ ಎಷ್ಟು ಅಂತ ಕೇಳಿದವರಿಗೆ ಚಹಾ ನಮ್ಮ ಕಡೆಯಿಂದ. ಟೆಕ್ಸ್ಟ್‌ಬುಕ್ ಮೇಲಿರುವ ಒಂಟಿ ಸ್ಪೀಕರ್ ಮಾರಾಟಕ್ಕಿಲ್ಲ, ಅದು ರಾಯಚೂರಿಗೆ ಹೋಗುತ್ತದೆ. ಅದಕ್ಕೊಂದು ಟಿಪಿಎ3116 ಬೋರ್ಡ್ ಜೋಡಿಸಿ ಮೋನೋ ಆಂಪ್ ಮಾಡಿಕೊಡುವ ಕೆಲಸ ಕೋಲಾರದವನದು. ಇನ್ನೂ ಶುರು ಮಾಡಿಲ್ಲ.