ಶಿಂಶಪೆಯ ಮೇಲಿನ ಪ್ರವಚನ

ಚೈತ್ರ ಹುಟ್ಟಿತೆಂದರೆ ಮೈಸೂರಿನ ಕೃಷ್ಣಮೂರ್ತಿಪುರಂನ ಸಂಜೆಗಳ ನಡಿಗೆಯೇ ನಿಧಾನವಾಗುತ್ತದೆ. ಯುಗಾದಿಯ ಬೇವುಬೆಲ್ಲದ ಬೆನ್ನಿಗೇ ರಾಮೋತ್ಸವದ ಚಪ್ಪರ ಏಳುತ್ತದೆ. ಬಿಸಿಲಿನ ಕಾವು ಇಳಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದು ಜಮಖಾನದ ಮೇಲೆ ಕೂರುತ್ತಾರೆ. ಕಾಲು ಮಡಿಸಲಾಗದವರಿಗೆ ಗೋಡೆಯ ಪಕ್ಕ ಕುರ್ಚಿ. ಒಳಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿರುತ್ತಾರೆ. ಪಾನಕಕ್ಕೆ ಕುಟ್ಟಿದ ಏಲಕ್ಕಿ, ಕಾಳುಮೆಣಸಿನ ಘಮ ಹೊರಗಿನವರೆಗೂ ಬರುತ್ತದೆ. ವಿದ್ವಾಂಸರು ವ್ಯಾಸಪೀಠದ ಮೇಲಿನ ಪುಸ್ತಕಕ್ಕೆ ಕೈಮುಗಿದು, ಕನ್ನಡಕ ಸರಿಮಾಡಿಕೊಂಡು, ಹಿಂದಿನ ದಿನ ನಿಲ್ಲಿಸಿದ ಶ್ಲೋಕವನ್ನು ಎತ್ತಿಕೊಳ್ಳುತ್ತಾರೆ.

ಆ ಶ್ಲೋಕ ಎತ್ತಿಕೊಳ್ಳುವ ಕ್ಷಣ ನನಗೆ ಬಲು ಇಷ್ಟ. ಅನುಷ್ಟುಪ್ಪಿನಲ್ಲಿ ಪಾದಕ್ಕೆ ಎಂಟರಂತೆ ಮೂವತ್ತೆರಡು ಅಕ್ಷರ, ಹೆಚ್ಚುಕಡಿಮೆ ಒಂದು ಉಸಿರಿನ ಅಳತೆ. ಒಂದು ಸಲ ಇಡಿಯಾಗಿ ಹೇಳುತ್ತಾರೆ, ಆಮೇಲೆ ಪದ ಬಿಡಿಸುತ್ತಾರೆ, ಆಮೇಲೆ ಅನ್ವಯ, ಅದಾದ ಮೇಲೆ ಕನ್ನಡದಲ್ಲಿ ವಿಸ್ತಾರ. ಕೊನೆಗೆ ಅದೇ ಶ್ಲೋಕವನ್ನು ಮತ್ತೊಮ್ಮೆ ಹೇಳಿದಾಗ, ಮೊದಲು ಬರೀ ನಾದವಾಗಿದ್ದದ್ದು ಈಗ ಅರ್ಥ ತುಂಬಿಕೊಂಡು ಕಿವಿಗೆ ಬೀಳುತ್ತದೆ. ಇಪ್ಪತ್ನಾಲ್ಕು ಸಾವಿರ ಶ್ಲೋಕಗಳ ಕಾವ್ಯವನ್ನು ಈ ಲೆಕ್ಕದಲ್ಲಿ ಯಾವಾಗ ಮುಗಿಸುವುದು ಎಂದು ಚಪ್ಪರದಲ್ಲಿ ಕೂತವರು ಯಾರೂ ಕೇಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು. ಮುಂದೇನಾಯಿತು ಎಂಬ ಕುತೂಹಲಕ್ಕೆ ಬಂದವರು ಇಲ್ಲಿ ಯಾರೂ ಇಲ್ಲ.

ಸುಂದರಕಾಂಡವನ್ನೇ ತೆಗೆದುಕೊಳ್ಳಿ. ಅರವತ್ತೆಂಟು ಸರ್ಗ. ಅದರ ಐದನೆಯ ಸರ್ಗದಲ್ಲಿ ಹನುಮಂತ ಲಂಕೆಯ ನೆತ್ತಿಯ ಮೇಲೆ ಚಂದ್ರನನ್ನು ನೋಡುತ್ತಾನೆ. ಸೀತೆಯನ್ನು ಹುಡುಕುವ ಅವಸರದಲ್ಲಿರುವ ದೂತನನ್ನು ನಿಲ್ಲಿಸಿ ವಾಲ್ಮೀಕಿ ಚಂದ್ರನ ಮೇಲೆ ಉಪಮೆಯ ಮೇಲೆ ಉಪಮೆ ಹೇಳುತ್ತಾ ಹೋಗುತ್ತಾನೆ, ಸಾಲಿನಿಂದ ಸಾಲಿಗೆ ಪ್ರಾಸ ಕೂಡಿಕೊಳ್ಳುತ್ತದೆ. ಪುಸ್ತಕ ಹಿಡಿದು ಒಬ್ಬನೇ ಓದುವಾಗ ಈ ಸರ್ಗವನ್ನು ದಾಟಿ ಹೋಗುವ ಆಸೆ ಯಾರಿಗಾದರೂ ಆದೀತು. ಕೇಳುವಾಗ ಹಾಗಲ್ಲ. ಒಂದು ಸಂಜೆ ಪೂರ್ತಿ ಆ ಚಂದ್ರನಲ್ಲೇ ಕಳೆದು, ಹೊರಬಂದು ತಲೆಯೆತ್ತಿದರೆ ಚೈತ್ರ ಶುಕ್ಲದ ಬೆಳೆಯುವ ಚಂದ್ರ ನಮ್ಮ ಹೆಂಚಿನ ಮನೆಗಳ ಮೇಲೆ ನಿಂತಿರುತ್ತಾನೆ. ಈ ಕಾವ್ಯ ಕೇಳುವುದಕ್ಕೆಂದೇ ಹುಟ್ಟಿದ್ದು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೂ ಸಾಕ್ಷಿ ಇದೆ, ಕಾವ್ಯದ ಒಳಗೇ ಇದೆ. ಬಾಲಕಾಂಡದಲ್ಲಿ ಕುಶಲವರು ರಾಮನ ಮುಂದೆಯೇ ರಾಮಾಯಣ ಹಾಡುತ್ತಾರೆ. ಹಾಡು ಚೆನ್ನಾಗಿ ಕೇಳಲೆಂದು ರಾಮ ಸಿಂಹಾಸನದಿಂದ ಮೆಲ್ಲನೆ ಇಳಿದು ಸಭೆಯ ಜನರ ನಡುವೆ ಬಂದು ಕೂತ ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಅತ್ತ ಮಹಾಭಾರತದಲ್ಲಿ ವೈಶಂಪಾಯನ ಜನಮೇಜಯನಿಗೆ ಹೇಳಿದ್ದನ್ನು ಉಗ್ರಶ್ರವಸ್ಸು ನೈಮಿಷಾರಣ್ಯದಲ್ಲಿ ಶೌನಕಾದಿಗಳಿಗೆ ಹೇಳುತ್ತಾನೆ. ಹದಿನೆಂಟು ಪರ್ವಗಳೂ ಯಾರೋ ಕೇಳಿದ್ದು, ಯಾರೋ ಮತ್ತೆ ಹೇಳಿದ್ದು.

ಇವರೆಲ್ಲರಿಗಿಂತ ನನಗೆ ಪ್ರಿಯವಾದ ಪ್ರವಚನಕಾರ ಹನುಮಂತ. ಅಶೋಕವನದ ಶಿಂಶಪಾ ವೃಕ್ಷದ ಎಲೆಗಳ ಮರೆಯಲ್ಲಿ ಕೂತು ಅವನು ಯೋಚಿಸುವ ಸರ್ಗವೊಂದಿದೆ, ಮೂವತ್ತನೆಯದು. ಕೆಳಗೆ ಸೀತೆ, ಸುತ್ತ ರಾಕ್ಷಸಿಯರು. ಮಾತಾಡದೆ ಹೋದರೆ ಆಕೆ ಪ್ರಾಣ ಬಿಟ್ಟಾಳು. ಮಾತಾಡಿ ಆಕೆ ಬೆಚ್ಚಿ ಕೂಗಿಕೊಂಡರೆ ಬಂದ ಕೆಲಸವೇ ಕೆಡುತ್ತದೆ. ದ್ವಿಜನ ಹಾಗೆ ಸಂಸ್ಕೃತವಾಡಿದರೆ ರಾವಣನೇ ವೇಷ ಹಾಕಿ ಬಂದನೆಂದು ಹೆದರುತ್ತಾಳೆ. ಹಾಗಾಗಿ ಸಾಮಾನ್ಯ ಮನುಷ್ಯರು ಆಡುವಂಥ, ಅರ್ಥ ತುಂಬಿದ ಮಾತಿನಲ್ಲೇ ಹೇಳಬೇಕೆಂದು ನಿಶ್ಚಯಿಸುತ್ತಾನೆ. ಹೇಳುವುದಾದರೂ ಏನನ್ನು? ರಾಮನ ಕಥೆಯನ್ನು. ದಶರಥನಿಂದ ಶುರುಮಾಡಿ, ಸೀತೆಗೆ ಮಾತ್ರ ಕೇಳುವ ಮೆಲುದನಿಯಲ್ಲಿ ಹೇಳುತ್ತಾನೆ. ಸೀತೆ ತಲೆಯೆತ್ತಿ ನೋಡಿದರೆ ಕಪಿ! ಕನಸಿನಲ್ಲಿ ಕಪಿ ಕಂಡರೆ ಅಶುಭವೆಂದು ಗಾಬರಿಯಾಗಿ, ಆ ಸಂಕಟದಲ್ಲೂ ರಾಮಲಕ್ಷ್ಮಣರಿಗೆ, ತನ್ನ ತಂದೆ ಜನಕರಾಜನಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಾಳೆ. ತನಗಾಗಿ ಏನನ್ನೂ ಬೇಡುವುದಿಲ್ಲ. ಈ ಜಾಗಕ್ಕೆ ಬಂದಾಗ ನಮ್ಮ ಚಪ್ಪರದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರನ್ನು ನೋಡಿದ್ದೇನೆ. ನನ್ನ ಕಣ್ಣೂ ಒದ್ದೆಯಾಗಿರುತ್ತದೆ.

ರಾಮಾಯಣ ಓದುವ ಕಡೆಯಲ್ಲೆಲ್ಲ ಹನುಮಂತ ಬಂದು ಕೇಳುತ್ತಾನೆಂದು ನಮ್ಮ ಮನೆಗಳಲ್ಲಿ ಪಾರಾಯಣದ ಹೊತ್ತಿಗೆ ಒಂದು ಮಣೆ ಖಾಲಿ ಹಾಕಿಡುವ ರೂಢಿಯಿದೆ. ಕೇಳಲು ಬರುವ ಆತ ಒಮ್ಮೆ ಹೇಳಿದವನೂ ಹೌದು, ಅದೂ ಕೇಳುವವರ ಮಾತನ್ನು ಆರಿಸಿಕೊಂಡು ಹೇಳಿದವನು. ಕನ್ನಡದಲ್ಲಿ ವಿಸ್ತರಿಸುವುದೆಂದರೆ ಮೂಲ ಬಾರದವರಿಗೆ ಮಾಡಿಕೊಟ್ಟ ರಿಯಾಯಿತಿ ಎಂದು ಕೆಲವು ಪಂಡಿತರು ತಿಳಿದಂತಿದೆ. ನಾನು ಒಪ್ಪಲಾರೆ. ಆ ಕೆಲಸವನ್ನು ಆದಿಕವಿ ಹನುಮಂತನಿಂದಲೇ ಮಾಡಿಸಿದ್ದಾನೆ.

ನಮ್ಮ ನಾಡು ಅದನ್ನು ಬಿಡದೆ ಮುಂದುವರಿಸಿಕೊಂಡು ಬಂದಿದೆ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವ ಹಾಡಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಇದೇ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮಹಾಭಾರತ ಕನ್ನಡ ಗದ್ಯಕ್ಕೆ ಬಂದು ‘ಕೃಷ್ಣರಾಜ ವಾಣೀವಿಲಾಸ’ವಾಯಿತು. 1950ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಬಂತು. ಅದನ್ನು ಓದದೆ ಬೆಳೆದ ಮನೆಗಳು ನಮ್ಮ ಬೀದಿಗಳಲ್ಲಿ ಕಡಿಮೆ. ಎನ್. ರಂಗನಾಥಶರ್ಮರು ವಾಲ್ಮೀಕಿಯನ್ನು ಕನ್ನಡ ಗದ್ಯಕ್ಕೆ ಇಳಿಸಿಕೊಟ್ಟರು. ಇನ್ನು ಗಮಕದಲ್ಲಂತೂ ಹಾಡುವವರೊಬ್ಬರು, ವ್ಯಾಖ್ಯಾನ ಮಾಡುವವರೊಬ್ಬರು ಜೊತೆಗೂಡಿಯೇ ಕೂರಬೇಕು. ಮಳೆ ಕೈಕೊಟ್ಟ ವರ್ಷ ಊರವರು ಸೇರಿ ವಿರಾಟಪರ್ವ ಓದಿಸುತ್ತಿದ್ದರು. ಉತ್ತರಕುಮಾರನ ಪೌರುಷಕ್ಕೆ ನಗುತ್ತಲೇ ಒಂದು ಕಣ್ಣು ಆಕಾಶದ ಕಡೆಗೆ ಇಟ್ಟಿರುತ್ತಿದ್ದ ಆ ಕೇಳುಗರಿಗೆ ಮಹಾಭಾರತ ಹಳೆಯ ಪುಸ್ತಕವಾಗಿರಲಿಲ್ಲ. ಬದುಕಿನ ಕೆಲಸಗಳಲ್ಲಿ ಒಂದಾಗಿತ್ತು.

ಬಲ್ಲಾಳ್ ವೃತ್ತ ದಾಟಿ ಸ್ವಲ್ಪ ದೂರ ಹೋದರೆ, 1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಶಾಮಾಶಾಸ್ತ್ರಿಗಳು ಕಂಡುಹಿಡಿದದ್ದು ಅಲ್ಲಿಯೇ. ಗರಿಗಳಿಗೆ ಎಣ್ಣೆ ಸವರಿ ಕಾಪಾಡುವ ಆ ವಿದ್ವತ್ತಿನ ಮುಂದೆ ತಲೆಬಾಗುತ್ತೇನೆ. ಆದರೆ ಅರ್ಥಶಾಸ್ತ್ರವನ್ನು ಹಾಗೆ ಹುಡುಕಿ ತೆಗೆಯಬೇಕಾಯಿತು. ರಾಮಾಯಣವನ್ನು ಯಾರೂ ಹುಡುಕಬೇಕಾಗಲಿಲ್ಲ. ಅದು ಸಂಜೆಯಿಂದ ಸಂಜೆಗೆ ಬಾಯಿಂದ ಕಿವಿಗೆ ನಡೆದುಕೊಂಡೇ ಬಂದಿತ್ತು.

ಪ್ರವಚನ ಮುಗಿದ ಮೇಲಿನ ಹೊತ್ತನ್ನು ಹೇಳದಿದ್ದರೆ ಎಲ್ಲ ಅರ್ಧವಾಗುತ್ತದೆ. ದೊನ್ನೆಯಲ್ಲಿ ಕೋಸಂಬರಿ ಹಿಡಿದು ಜನ ಗೇಟಿನ ಬಳಿ ನಿಲ್ಲುತ್ತಾರೆ. ವಾಲಿವಧೆಯ ದಿನವಂತೂ ಮನೆಗೆ ಹೋಗುವುದೇ ತಡ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಒಂದು ಸರ್ಗ ಪೂರ್ತಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ರಾಮನ ಉತ್ತರ ಮುಂದಿನ ಸರ್ಗ. “ಏನೇ ಹೇಳಿ ಮೇಷ್ಟ್ರೇ, ಆ ಉತ್ತರ ನನಗೆ ಸಾಲದು” ಎಂದು ಒಬ್ಬರು. “ಸಾಲದು ಅನ್ನಿಸಲಿ ಅಂತಲೇ ಕವಿ ವಾಲಿಗೆ ಅಷ್ಟು ಮಾತು ಕೊಟ್ಟಿರೋದು ಕಣ್ರೀ” ಎಂದು ಮೇಷ್ಟ್ರು. ಹೀಗೆ ದೇವರನ್ನೇ ಪ್ರಶ್ನಿಸುವ ಭಕ್ತಿ ನಮಗೆ ಎಲ್ಲಿಂದ ಬಂತು? ಈ ಕಾವ್ಯಗಳೇ ಕಲಿಸಿದ್ದು ಎಂದು ನಾನು ನಂಬಿದ್ದೇನೆ. ರಾಮಾಯಣದಿಂದ ಆಡಳಿತದ ಸೂತ್ರಗಳನ್ನೋ ಯಶಸ್ಸಿನ ಗುಟ್ಟುಗಳನ್ನೋ ಹೆಕ್ಕಿಕೊಡುವ ಈಚಿನ ಭಾಷಣಗಳಲ್ಲಿ ಈ ಜಗಳಕ್ಕೆ ಜಾಗವಿರುವುದಿಲ್ಲ. ನನಗೆ ಅದು ದೊಡ್ಡ ನಷ್ಟವಾಗಿ ಕಾಣುತ್ತದೆ.

ಸೀತೆಯ ಅಗ್ನಿಪ್ರವೇಶದ ದಿನ ವಾದವಿರುವುದಿಲ್ಲ, ಸಂಕಟವಿರುತ್ತದೆ. ಇದೇ ಊರಿನಲ್ಲಿದ್ದು 1936ರಿಂದ ಸುಮಾರು ಹತ್ತು ವರ್ಷ ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪು ಆ ಸಂಕಟಕ್ಕೆ ಕಾವ್ಯದಿಂದಲೇ ಉತ್ತರ ಹುಡುಕಿದರು: ಅವರ ರಾಮ ಸೀತೆಯ ಜೊತೆ ತಾನೂ ಬೆಂಕಿಗೆ ಇಳಿಯುತ್ತಾನೆ. ವಾಲ್ಮೀಕಿಯ ಸರ್ಗವನ್ನು ಬಿಡಿಸಿ ಹೇಳಿದ ಮೇಲೆ ವಿದ್ವಾಂಸರು ಕುವೆಂಪು ಅವರ ಈ ಮಾತನ್ನೂ ಎತ್ತುವ ಸಂಜೆಗಳುಂಟು. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಎರಡೂ ಬೇಕೆನಿಸುತ್ತದೆ. ಈ ಸಲದ ಪ್ರವಚನ ಯುದ್ಧಕಾಂಡಕ್ಕೆ ಬಂದಿದೆ. ಆ ಸರ್ಗ ಬರುವ ದಿನ ಬೇಗ ಹೋಗಿ ಮುಂದಿನ ಸಾಲಿನಲ್ಲೇ ಕೂರಬೇಕೆಂದಿದ್ದೇನೆ.