ಒಂದನೇ ನಂಬರ್ ಸಿಸ್ಟಮ್

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ ಅಂತೇನಿಲ್ಲ, ಇತ್ತು. ಅಪ್ಪ ಲೆಕ್ಕ ಬರೆಯುತ್ತಿದ್ದ ಬಟ್ಟೆ ಅಂಗಡಿಯವರು ಹೊಸದು ತಂದಾಗ ಹಳೆಯದನ್ನು ಕಡಿಮೆ ದುಡ್ಡಿಗೆ ಅಪ್ಪನಿಗೇ ಕೊಟ್ಟಿದ್ದರು. ಪೆಂಟಿಯಮ್ 4, 256 ಎಂಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅಮ್ಮ ಅದಕ್ಕೆ ಹಳೇ ಸೀರೆಯಿಂದ ಹೊದಿಕೆ ಹೊಲಿದು ಟಿವಿಗಿಂತ ಜೋಪಾನವಾಗಿ ಇಟ್ಟಿದ್ದರು. ಟ್ಯಾಲಿ ನಡೆಯುತ್ತಿತ್ತು, ಇಸ್ಪೀಟಿನ ಸಾಲಿಟೇರ್ ನಡೆಯುತ್ತಿತ್ತು. ಅಣ್ಣ ಗೆಳೆಯನ ಹತ್ತಿರ ಸಿಡಿ ತಂದು ‘ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್’ ಹಾಕಿದ ದಿನ ಮಾತ್ರ ಕಾರು ಓಡಲೇ ಇಲ್ಲ. ಒಂದೊಂದೇ ಫೋಟೊ ತೋರಿಸಿದ ಹಾಗೆ ನಿಂತು ನಿಂತು ಹೋಯಿತು. ತಿರುವಿನಲ್ಲಿ ನಾನು ಕೀ ಒತ್ತಿದರೆ, ಕಾರು ಗೋಡೆಗೆ ಬಡಿದ ಮೇಲೆ ತಿರುಗುತ್ತಿತ್ತು.

ಹಾಗಾಗಿ ಸೈಬರ್ ಕೆಫೆ. 2008ನೇ ಇಸವಿ, ದಾವಣಗೆರೆ. ನಾನು ಎಂಟನೇ ಕ್ಲಾಸು, ಅಣ್ಣ ಹತ್ತನೇ ಕ್ಲಾಸು. ಗಂಟೆಗೆ 15 ರೂಪಾಯಿ, ಅರ್ಧ ಗಂಟೆಗೆ 10. ಅರ್ಧ ಗಂಟೆ ಆಡುವುದು ನಷ್ಟ ಅಂತ ಅಣ್ಣ ಯಾವತ್ತೂ ಪೂರ್ತಿ ಗಂಟೆಗೇ ಕೊಡುತ್ತಿದ್ದ. ಅದರಲ್ಲಿ ಅವನಿಗೆ 40 ನಿಮಿಷ, ನನಗೆ 20. ಈ ಲೆಕ್ಕದ ಬಗ್ಗೆ ನಮ್ಮಿಬ್ಬರ ಜಗಳ ಇವತ್ತಿಗೂ ಮುಗಿದಿಲ್ಲ.

ಮೋಸ್ಟ್ ವಾಂಟೆಡ್‌ನಲ್ಲಿ 15 ಮಂದಿಯನ್ನು ಒಬ್ಬೊಬ್ಬರಾಗಿ ಸೋಲಿಸುತ್ತಾ ಮೇಲೆ ಹೋಗಬೇಕು. ವಾರಕ್ಕೊಂದು ಗಂಟೆ ಆಡುವವರಿಗೆ ಅದು ತಿಂಗಳುಗಟ್ಟಲೆ ಕೆಲಸ. ಇದರ ಮೇಲೆ ಇನ್ನೊಂದು ತೊಂದರೆ ಇತ್ತು. ಕೆಫೆಯವರು ಎಲ್ಲಾ ಸಿಸ್ಟಮ್‌ಗೂ ಡೀಪ್ ಫ್ರೀಜ್ ಅನ್ನೋ ಸಾಫ್ಟ್‌ವೇರ್ ಹಾಕಿದ್ದರು. ನೀವು ಏನೇ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲವೂ ಮೊದಲಿನಂತೆ. ವೈರಸ್ಸೂ ಹೋಗುತ್ತದೆ, ನೀವು ಗೆದ್ದ ಕಾರೂ ಹೋಗುತ್ತದೆ. ಕೊನೆಗೆ ಅಣ್ಣ ‘ಮೈ ಡಾಕ್ಯುಮೆಂಟ್ಸ್’ ಒಳಗಿನ ಫೋಲ್ಡರ್ ಹುಡುಕಿ, ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುವುದನ್ನು ಕಲಿತ. ಆಟ ಮುಗಿಯುವ ಎರಡು ನಿಮಿಷ ಮುಂಚೆ ಅದನ್ನು ಕಾಪಿ ಮಾಡುವುದು ನನ್ನ ಡ್ಯೂಟಿ. ಬ್ಯಾಕಪ್ ಅಂದರೇನು ಅಂತ ಮುಂದೆ ಕಾಲೇಜಿನಲ್ಲಿ ಹೇಳಿಕೊಟ್ಟಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ಕರೆಂಟು ಹೋದರೆ ಮಾತ್ರ ಯಾವ ಪೆನ್‌ಡ್ರೈವೂ ಇಲ್ಲ. ಇಡೀ ಕೆಫೆ ಒಟ್ಟಿಗೆ ‘ಓ...’ ಅನ್ನುತ್ತಿತ್ತು. ಯುಪಿಎಸ್ ಇದ್ದದ್ದು ಕೌಂಟರ್‌ನ ಸಿಸ್ಟಮ್‌ಗೆ ಒಂದಕ್ಕೇ.

ಅಲ್ಲಿ ನಿಜವಾದ ರಾಜ ಅಂದರೆ ಕೌಂಟರ್ ಸ್ಟ್ರೈಕ್ 1.6. ಅದು ನಮ್ಮ ಮನೆಯ ಬಡಪಾಯಿ ಕಂಪ್ಯೂಟರಿನಲ್ಲೂ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಮನೆಯಲ್ಲಿ ಎದುರಾಳಿ ಅಂದರೆ ಬಾಟ್‌ಗಳು. ಒಂದೇ ದಾರಿಯಲ್ಲಿ ಬರುತ್ತವೆ, ಒಂದೇ ಥರ ಸಾಯುತ್ತವೆ, ಬೈಯುವುದಿಲ್ಲ. ಕೆಫೆಯಲ್ಲಿ ಹನ್ನೆರಡು ಸಿಸ್ಟಮ್ ಒಂದೇ ನೆಟ್‌ವರ್ಕ್‌ನಲ್ಲಿ. ಒಬ್ಬ ಸರ್ವರ್ ಶುರು ಮಾಡಿ ‘ಡಸ್ಟ್ 2, ಬರ್ರಲೇ’ ಅಂತ ಕೂಗಿದರೆ ಸಾಕು. ಯಾರಿಗಾದರೂ ಲಿಸ್ಟಿನಲ್ಲಿ ಸರ್ವರ್ ಕಾಣದಿದ್ದರೆ ಕನ್ಸೋಲ್ ತೆಗೆದು ‘ಕನೆಕ್ಟ್ 192.168.1.5’ ಅಂತ ಟೈಪ್ ಮಾಡುತ್ತಿದ್ದರು. ಆ ನಂಬರ್ ಏನು ಅಂತ ಗೊತ್ತಿರಲಿಲ್ಲ, ಐದನೇ ಸಿಸ್ಟಮ್‌ನ ಹುಡುಗನ ವಿಳಾಸ ಅಂತ ಗೊತ್ತಿತ್ತು. ಅಷ್ಟು ಸಾಕಲ್ಲ.

ಈ ಆಟದಲ್ಲಿ ಬರೀ ಗುಂಡು ಹೊಡೆಯುವುದಲ್ಲ, ದುಡ್ಡಿನ ಲೆಕ್ಕವೂ ಇದೆ. ಮೊದಲ ಸುತ್ತಿಗೆ 800 ಡಾಲರ್ ಕೊಡುತ್ತಾರೆ. ಎಕೆ-47ಗೆ 2500, ದೂರದಿಂದ ಹೊಡೆಯುವ ದೊಡ್ಡ ಹಸಿರು ಬಂದೂಕಿಗೆ 4750. ಒಬ್ಬನನ್ನು ಹೊಡೆದರೆ 300 ಸಿಗುತ್ತದೆ. ಸೋತ ತಂಡ ಕೈಯಲ್ಲಿದ್ದ ಚೂರುಪಾರನ್ನೂ ಖರ್ಚು ಮಾಡಿಬಿಟ್ಟರೆ ಮುಂದಿನ ಸುತ್ತಿನಲ್ಲೂ ಸೋಲುತ್ತದೆ. ಅದಕ್ಕೇ ಒಂದು ಸುತ್ತು ಪಿಸ್ತೂಲಿನಲ್ಲೇ ತಳ್ಳಿ ದುಡ್ಡು ಕೂಡಿಡಬೇಕು. ಹುಡುಗರಿಗೆ ಈ ತಾಳ್ಮೆ ಇರುತ್ತಿರಲಿಲ್ಲ, ಸಿಕ್ಕಿದ್ದನ್ನೆಲ್ಲ ತಗೊಂಡು ನುಗ್ಗುತ್ತಿದ್ದರು. ನಾನು ತಿಂಗಳ ಕೊನೆಯ ವಾರ ಅಮ್ಮ ಮನೆ ನಡೆಸೋದನ್ನು ನೋಡಿ ಬೆಳೆದವಳು. ಕೂಡಿಡೋದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಗುತ್ತಿತ್ತು. ಆಟದ ಒಳಗೆ ನಿಮ್ಮ ಹೆಸರು ನೀವು ಇಟ್ಟುಕೊಂಡದ್ದು. ನಾನು ‘ಮಿರ್ಚಿ’ ಅಂತ ಇಟ್ಟುಕೊಂಡಿದ್ದೆ, ದಾವಣಗೆರೆಯವರಿಗೆ ಕಾರಣ ಹೇಳಬೇಕಿಲ್ಲ. ಆಗ ಕೆಫೆಯ ಪಾರ್ಟಿಷನ್‌ಗಳು ಆಳೆತ್ತರ ಇದ್ದವು, ಯಾರು ಎಲ್ಲಿ ಕೂತಿದ್ದಾರೆ ಅಂತ ಕಾಣುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ‘ಯಾವನಲೇ ಅವ್ನು ಮಿರ್ಚಿ, ಮತ್ತೆ ಹೊಡ್ದ’ ಅಂತ ಕೂಗಿದಾಗ ಅಣ್ಣ ನಗು ತಡೆಯಲಾಗದೆ ಕೆಮ್ಮುತ್ತಿದ್ದ. ನಾನು ಸುಮ್ಮನೆ ಮುಂದಿನ ಸುತ್ತಿಗೆ ಗುಂಡು ತುಂಬಿಕೊಳ್ಳುತ್ತಿದ್ದೆ.

2011ರಲ್ಲಿ ಅಣ್ಣ ಎಂಜಿನಿಯರಿಂಗಿಗೆ ಅಂತ ಹುಬ್ಬಳ್ಳಿಯ ಹಾಸ್ಟೆಲ್ ಸೇರಿದ. ನನ್ನ ಆಟವೂ ಅಲ್ಲಿಗೆ ನಿಂತ ಹಾಗೇ. ಒಬ್ಬಳೇ ಸೈಬರ್ ಕೆಫೆಗೆ ಹೋಗುತ್ತೇನೆ ಅಂದರೆ ಅಮ್ಮ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು ನನ್ನ ಮುಖ ನೋಡಿದರು. ಅವರದ್ದೂ ತಪ್ಪಲ್ಲ. ಆಗ ಕೆಫೆಗಳಿಗೆ ಒಳ್ಳೇ ಹೆಸರಿರಲಿಲ್ಲ. ಪರದೆ ಹಾಕಿದ ಕ್ಯಾಬಿನ್, ಕತ್ತಲು, ಅಲ್ಲಿ ಏನೇನು ನೋಡುತ್ತಾರೋ ಎಂಬ ಮಾತು ಓಣಿಯಲ್ಲೆಲ್ಲ ಇತ್ತು. ಮಗ ಹೋದರೆ ದುಡ್ಡು ಹಾಳು, ಮಗಳು ಹೋದರೆ ಹೆಸರು ಹಾಳು.

ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ಹೊಸ ನಿಯಮ ತಂದಿತ್ತು. ಬಂದವರೆಲ್ಲರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರ್‌ನಲ್ಲಿ ಬರೆಯಬೇಕು, ಅದನ್ನು ಒಂದು ವರ್ಷ ಇಡಬೇಕು. ಪಾರ್ಟಿಷನ್ ನೆಲದಿಂದ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಚೀಟಿ ಇಲ್ಲದ ಚಿಕ್ಕವರು ದೊಡ್ಡವರ ಜೊತೆಗೇ ಬರಬೇಕು. ಚೀಟಿ ಇದ್ದರೆ ಸರಿ, ಶಾಲೆ-ಕಾಲೇಜಿನದ್ದಾದರೂ ನಡೆಯುತ್ತದೆ. ಹುಡುಗರಿಗೆ ಇದು ಕಿರಿಕಿರಿ. ಅವರ ಗೂಡೆಲ್ಲ ಬಯಲಾಯಿತಲ್ಲ! ನಮ್ಮ ಕೆಫೆಯವರೂ ಬಡಗಿಯನ್ನು ಕರೆಸಿ ಪ್ಲೈವುಡ್ ಅರ್ಧಕ್ಕೆ ಕೊಯ್ಸಿದ್ದರು.

ನನಗೆ ಮಾತ್ರ ಅದೇ ಬಾಗಿಲು ತೆರೆಯಿತು. ಪಿಯುಸಿಗೆ ಸೇರಿ ಐಡಿ ಕಾರ್ಡ್ ಕೈಗೆ ಬಂದ ವಾರ ಅಪ್ಪನಿಗೆ ಕೇಳಿದೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ಅಂಗಡಿಯಿಂದ ಬರುವಾಗ ತಾವೇ ಕೆಫೆಗೆ ಹೋಗಿ, ಒಂದು ಪೇಜ್ ಪ್ರಿಂಟ್ ತೆಗೆಸುವ ನೆಪದಲ್ಲಿ ಹತ್ತು ನಿಮಿಷ ನಿಂತು ನೋಡಿ ಬಂದರು. ಊಟದ ಹೊತ್ತಿಗೆ ಅಮ್ಮನಿಗೆ ಹೇಳಿದ್ದು ಇಷ್ಟೇ: ‘ಎಲ್ಲಾ ಕಾಣೋ ಹಂಗೈತೆ. ಹೋಗಿ ಬರ್ಲಿ ಬಿಡು, ಆರು ಗಂಟೆ ಒಳಗೆ.’

ಮೊದಲ ಸಲ ಒಬ್ಬಳೇ ಹೋದಾಗ ಕೌಂಟರ್‌ನ ಅಣ್ಣ ‘ಎಲ್ಲವ್ವ, ನಿಮ್ಮಣ್ಣ?’ ಅಂದರು. ಹುಬ್ಬಳ್ಳಿಗೆ ಹೋದ ಅಂದೆ. ಐಡಿ ಕಾರ್ಡ್ ನೋಡಿ ನನ್ನ ಹೆಸರು ಬರೆದುಕೊಂಡರು. ಮೂರು ವರ್ಷದಿಂದ ಹೋಗುತ್ತಿದ್ದರೂ ಆ ರಿಜಿಸ್ಟರ್‌ನಲ್ಲಿ ಇದ್ದದ್ದು ಅಣ್ಣನ ಹೆಸರು ಮಾತ್ರ. ಆಮೇಲೆ ಒಂದನೇ ನಂಬರ್ ಸಿಸ್ಟಮ್ ಕೊಟ್ಟರು. ಅದು ಕೌಂಟರ್ ಪಕ್ಕದಲ್ಲೇ, ಬಾಗಿಲಿನ ಬೆಳಕು ಸ್ಕ್ರೀನಿನ ಮೇಲೆ ಬೀಳುವ, ಯಾರಿಗೂ ಬೇಡದ ಜಾಗ. ಮೌಸ್ ಕೂಡ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಮಿರ್ಚಿ ಯಾರು ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು. ಸ್ವಲ್ಪ ಹೊತ್ತು ಯಾರೂ ಕೂಗಾಡಲಿಲ್ಲ, ಒಂದಿಬ್ಬರು ಬೇಕಂತಲೇ ನನಗೆ ಗುಂಡು ಹೊಡೆಯದೆ ಬಿಟ್ಟರು. ಅದು ನನಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು. ಮೂರನೇ ವಾರಕ್ಕೆ ಮರ್ಯಾದೆ ಮುಗಿದು, ಮಾಮೂಲಿನಂತೆ ಹೊಡೆಯೋಕೆ ಶುರು ಮಾಡಿದರು. ಸಮಾಧಾನ ಆಯ್ತು.

ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಊಟದ ಹೊತ್ತಿನಲ್ಲಿ ನಮ್ಮ ಟೀಮಿನ ಗಂಡಸರೆಲ್ಲ ಕೆಫೆಯ ನೆನಪು ತೆಗೆಯುತ್ತಾರೆ. ಹಾಸನದವನೂ, ಬಳ್ಳಾರಿಯವನೂ, ಮಂಗಳೂರಿನವನೂ ಒಂದೇ ಮ್ಯಾಪಿನ ಒಂದೇ ಮೂಲೆಯ ಬಗ್ಗೆ ಮಾತಾಡುತ್ತಾರೆ. ನನ್ನ ಪಕ್ಕ ಕೂರುವ ಹುಡುಗಿಯರಿಗೆ ಕೆಫೆ ಅಂದರೆ ಅಪ್ಪನ ಜೊತೆ ಹೋಗಿ ಸಿಇಟಿ ರಿಸಲ್ಟ್ ನೋಡಿದ ಜಾಗ, ಅಷ್ಟೇ. ಅವರಲ್ಲಿ ಒಬ್ಬಳ ತಮ್ಮ ದಿನಾ ಹೋಗುತ್ತಿದ್ದನಂತೆ. ‘ನಂಗೂ ಆಸೆ ಇತ್ತು ಕಣೆ, ಕೇಳ್ಬೇಕು ಅಂತಾನೇ ಹೊಳೀಲಿಲ್ಲ’ ಅಂದಳು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಆಧಾರ್ ಕಾರ್ಡ್ ಪ್ರಿಂಟ್ ಬೇಕಿತ್ತು. ಅದೇ ಕೆಫೆಗೆ ಹೋದೆ. ಹನ್ನೆರಡು ಸಿಸ್ಟಮ್ ಈಗ ಮೂರಾಗಿವೆ. ಜನ ಕೈಯಲ್ಲಿ ಫೈಲು ಹಿಡಿದು ಅರ್ಜಿ ಹಾಕಿಸಲು ಸಾಲಾಗಿ ಕೂತಿದ್ದರು. ಅರ್ಧಕ್ಕೆ ಕೊಯ್ದ ಒಂದು ಪ್ಲೈವುಡ್ ಇನ್ನೂ ಇದೆ, ಅದರ ಮೇಲೆ ಪಾಸ್‌ಪೋರ್ಟ್ ಫೋಟೊದ ದರ ಅಂಟಿಸಿದ್ದಾರೆ. ಕೌಂಟರ್‌ನ ಅಣ್ಣನಿಗೆ ತಲೆ ನೆರೆತಿದೆ, ಗುರುತು ಹಿಡಿದರು. ‘ಆಗ ಬೇರೆ ಹುಡುಗೀರು ಆಡೋಕೆ ಬರ್ತಿದ್ರಾ?’ ಅಂತ ಕೇಳಿದೆ. ಪ್ರಿಂಟರ್‌ಗೆ ಹಾಳೆ ತುಂಬುತ್ತಾ ಸ್ವಲ್ಪ ಯೋಚಿಸಿದರು.

‘ಅಣ್ತಮ್ಮರ ಜೊತೆ ಇಬ್ರು ಬರ್ತಿದ್ರು. ಒಬ್ಳೇ ಬರ್ತಿದ್ದೋಳು ನೀನೇ ನೋಡವ್ವ’ ಅಂದು, ಕಲರ್ ಪ್ರಿಂಟಿಗೆ 20 ರೂಪಾಯಿ ತಗೊಂಡರು.